ಎತ್ತಬೇಡಿ, ದಾರಿ ಬಿಡಿ

ಪರೀಕ್ಷೆ ಮುಗಿದ ಖುಷಿಗೆ ಗೆಳೆಯರೆಲ್ಲ ಊರಾಚೆಯ ವಾಟರ್ ಪಾರ್ಕ್‌ಗೆ ಹೋಗಿದ್ದೆವು. ಸಂಜೆ ಬಸ್ ಸ್ಟಾಪಿನಲ್ಲಿ ಜಾತ್ರೆಯಂಥ ಜನ. ಬಸ್ ಬಂದಿದ್ದೇ ತಡ, ಸೀಟು ಹಿಡಿಯಲು ನಾನೂ ನುಗ್ಗಿದೆ. ತಿರುಗಿ ನೋಡಿದರೆ ಗಾಲಿಕುರ್ಚಿಯಲ್ಲಿದ್ದ ಗೆಳೆಯ ಅಲ್ಲೇ ಇದ್ದ. ಬಸ್ಸಿಗೆ ರ‍್ಯಾಂಪ್ ಇತ್ತು, ಇಳಿಸಲು ಜಾಗವಿರಲಿಲ್ಲ. ‘ಮುಂದಿನ ಬಸ್ಸಿಗೆ ಬರಲಿ’ ಎಂದರು ಕಂಡಕ್ಟರ್. ನಾಚಿ ಕೆಳಗಿಳಿದೆ.

ಎರಡನೇ ಬಸ್ಸೂ ಹಾಗೇ ಹೋಯಿತು. ಮೂರನೆಯದು ಬಂದಾಗ ಇಬ್ಬರು ಕೇಳದೆಯೇ ಕುರ್ಚಿ ಎತ್ತಲು ಬಂದರು. ‘ಎತ್ತಬೇಡಿ ಅಣ್ಣಾ, ದಾರಿ ಬಿಡಿ ಸಾಕು’ ಎಂದ. ಜನ ಸರಿದರು. ಅವನೇ ಚಕ್ರ ತಿರುಗಿಸಿಕೊಂಡು ಒಳಬಂದ. ಎರಡು ನಿಮಿಷವೂ ಹಿಡಿಯಲಿಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಕಿವುಡುತನ, ತಲಸ್ಸೇಮಿಯಾದಂತೆ ನೋಡಿದರೆ ಗೊತ್ತಾಗದವೂ ಅದರಲ್ಲಿವೆ. ಹಾಗಾಗಿ ಮೀಸಲು ಸೀಟಿನಲ್ಲಿ ಕುಳಿತವರಿಗೆ ‘ಚೆನ್ನಾಗೇ ಇದ್ದೀರಲ್ಲ’ ಎನ್ನುವ ಮುನ್ನ ಯೋಚಿಸಿ. ಸಹಾಯ ಬೇಕೇ ಎಂದು ಮೊದಲು ಕೇಳಿ, ಹ್ಞೂಂ ಎಂದರೆ ಕೈಹಾಕಿ.

ಬಸ್ಸಿಗೆ ರ‍್ಯಾಂಪ್ ಹಾಕಿಸುವುದು ಸರ್ಕಾರದ ಕೆಲಸ. ಅದು ಇಳಿಯುವಷ್ಟು ಜಾಗ ಬಿಡುವುದು ನಮ್ಮದು.