ಬೋಟಿನ ಎಂಜಿನ್ನಿಗೆ ಲಾರಿಯ ಬಿಡಿಭಾಗ

ಮಲ್ಪೆಯಲ್ಲಿರುವ ನಮ್ಮ ಮಾವನ ಬೋಟಿನ ಹಳೇ ಡೀಸೆಲ್ ಎಂಜಿನ್ನಿಗೆ ಬೆಂಗಳೂರಿನ ಲಾರಿ ಅಂಗಡಿಗಳಲ್ಲಿ ಅಗ್ಗದ ಬಿಡಿಭಾಗ ಸಿಕ್ಕೀತೇ?
– ಓದುಗರೊಬ್ಬರು, ಮಾರತ್ತಹಳ್ಳಿ

ಎಷ್ಟೋ ಸಿಗುತ್ತವೆ. ನಮ್ಮ ಕರಾವಳಿಯ ಅನೇಕ ಬೋಟುಗಳಲ್ಲಿರುವುದು ಅಶೋಕ್ ಲೇಲ್ಯಾಂಡ್‌ನಂಥ ಲಾರಿ ಎಂಜಿನ್ನೇ, ಸಮುದ್ರಕ್ಕೆ ಒಗ್ಗಿಸಿದ್ದು. ಒಂದೇ ಹಿಟ್ಟಿನಲ್ಲಿ ಇಡ್ಲಿಯೂ ದೋಸೆಯೂ ಆದಂತೆ! ಪಿಸ್ಟನ್, ರಿಂಗ್, ಲೈನರ್, ಬೇರಿಂಗ್ ಬಹುಮಟ್ಟಿಗೆ ಹೊಂದುತ್ತವೆ, ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ.

ವ್ಯತ್ಯಾಸವಿರುವುದು ತಂಪು ಮಾಡುವ ಬಗೆಯಲ್ಲಿ. ಲಾರಿಯ ರೇಡಿಯೇಟರಿಗೆ ಗಾಳಿ ಸಾಕು. ಬೋಟಿನಲ್ಲಿ ಪಂಪು ಸಮುದ್ರದ ನೀರೆಳೆದು ಕೂಲರಿಗೆ ಹಾಯಿಸುತ್ತದೆ. ಎಂಜಿನ್ನಿನೊಳಗೆ ಸುತ್ತುವ ಸಿಹಿನೀರಿನ ಶಾಖವನ್ನು ಅದು ಹೊತ್ತೊಯ್ಯುತ್ತದೆ. ಉಪ್ಪುನೀರು ಕಬ್ಬಿಣವನ್ನು ಬೇಗ ತಿನ್ನುವುದರಿಂದ ಈ ಪಂಪು, ಕೂಲರಿಗೆ ಲಾರಿಯದ್ದನ್ನು ಹಾಕಲೇಬಾರದು: ನಡುಗಡಲಲ್ಲಿ ಎಂಜಿನ್ ಕಾದು ನಿಂತರೆ ಜೀವಕ್ಕೇ ಅಪಾಯ. ಗೇರ್‌ಬಾಕ್ಸೂ ಬೇರೆಯೇ.

ಎಂಜಿನ್ ಪ್ಲೇಟಿನ ಮಾದರಿ ಸಂಖ್ಯೆ ಬರೆದುಕೊಂಡು, ಸವೆದ ಭಾಗವನ್ನೂ ಅಂಗಡಿಗೆ ಒಯ್ಯಿರಿ.