ಹತ್ತು ನಿಮಿಷದ ಬಾಗಿಲು

ನಡುರಾತ್ರಿ. ರಸ್ತೆಯಲ್ಲಿ ಒಬ್ಬಾತ ತನಗೆ ಮಾತ್ರ ಕೇಳಿಸುವ ಯಾರದೋ ದನಿಯೊಂದಿಗೆ ಜಗಳವಾಡುತ್ತಿದ್ದಾನೆ. ಪೊಲೀಸರು ಬಂದಿದ್ದಾರೆ. ಇವನನ್ನು ಕರೆದೊಯ್ಯುವುದೆಲ್ಲಿಗೆ? ಅಮೆರಿಕದ ಎಷ್ಟೋ ಊರುಗಳಲ್ಲಿ ಇರುವುದು ಎರಡೇ ಜಾಗ: ಆಸ್ಪತ್ರೆಯ ಎಮರ್ಜೆನ್ಸಿ, ಇಲ್ಲವೇ ಜೈಲು. ಎಮರ್ಜೆನ್ಸಿಯಲ್ಲಿ ಗಂಟೆಗಟ್ಟಲೆ ಕಾಯಬೇಕು, ಅವನ ಜೊತೆ ಪೊಲೀಸರೂ ಕಾಯಬೇಕು. ಜೈಲಿನಲ್ಲಿ ಆ ತಾಪತ್ರಯವಿಲ್ಲ.

ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ ಮೂರನೆಯ ಜಾಗವೊಂದು 2011ರಲ್ಲಿ ಶುರುವಾಯಿತು. ಅದು ಕ್ರೈಸಿಸ್ ರೆಸ್ಪಾನ್ಸ್ ಸೆಂಟರ್. ಆ ನಗರವಿರುವ ಪೀಮಾ ಕೌಂಟಿಯ ಮತದಾರರು 2006ರಲ್ಲಿ ಒಪ್ಪಿದ ಬಾಂಡ್ ಹಣದಲ್ಲಿ ಕಟ್ಟಿದ್ದು. ಹಗಲೂ ರಾತ್ರಿಯೂ ತೆರೆದಿರುತ್ತದೆ. ದೊಡ್ಡವರಿಗೂ ಮಕ್ಕಳಿಗೂ ಬೇರೆಬೇರೆ ವಿಭಾಗಗಳಿವೆ. ಅಪಾಯಿಂಟ್‌ಮೆಂಟ್ ಇಲ್ಲದೆ ತಾವಾಗಿ ನಡೆದು ಬರುವವರೂ ಉಂಟು.

ಇದರ ಜಾಣತನ ಕಾಣುವುದು ಪೊಲೀಸರಿಗೆಂದೇ ಇಟ್ಟ ಪ್ರತ್ಯೇಕ ಬಾಗಿಲಲ್ಲಿ. ಕರೆತಂದವರನ್ನು ಒಪ್ಪಿಸಿ ಸುಮಾರು 10 ನಿಮಿಷದಲ್ಲಿ ಅವರು ಗಸ್ತಿಗೆ ಮರಳಬಹುದು. ಕುಡಿದಿದ್ದಾನೆ, ರೇಗಾಡುತ್ತಾನೆ ಎಂದು ಯಾರನ್ನೂ ವಾಪಸು ಕಳಿಸುವುದಿಲ್ಲ. ಜೈಲಿಗೆ ಹೋಗುವುದಕ್ಕಿಂತ ಇಲ್ಲಿಗೆ ಬರುವುದೇ ಸುಲಭವಾದರೆ ಪೊಲೀಸರು ಇಲ್ಲಿಗೇ ಬರುತ್ತಾರೆ. ಲೆಕ್ಕ ಇಷ್ಟು ಸರಳ.

ಒಳಗೆ ನಿಗಾ ಘಟಕದಲ್ಲಿ ಮಂಚಗಳ ಸಾಲಿಲ್ಲ. ತೆರೆದ ಹಜಾರದಲ್ಲಿ ಒರಗು ಕುರ್ಚಿಗಳು. ಮನೋವೈದ್ಯರು, ನರ್ಸ್‌ಗಳು, ಸಮಾಜ ಕಾರ್ಯಕರ್ತರ ಜೊತೆಗೆ, ಒಂದು ಕಾಲಕ್ಕೆ ಇಂಥದೇ ಸಂಕಟ ಉಂಡು ಚೇತರಿಸಿಕೊಂಡವರೂ ಇಲ್ಲಿ ಸಂಬಳದ ಸಿಬ್ಬಂದಿ. ನಿಗಾ 23 ಗಂಟೆಯವರೆಗೆ. ಔಷಧಿ, ಊಟ, ನಿದ್ದೆ, ಮಾತು ಇಷ್ಟು ಸಿಕ್ಕಿದರೆ ಮನಸ್ಸಿನ ಬಿರುಗಾಳಿ ಎಷ್ಟೋ ಸಲ ಒಂದು ದಿನದಲ್ಲಿ ತಗ್ಗುತ್ತದೆ. ಬಂದವರಲ್ಲಿ ಹೆಚ್ಚಿನವರು ಅಡ್ಮಿಟ್ ಆಗದೆ ಮನೆಗೆ ಮರಳುತ್ತಾರೆ, ಮುಂದಿನ ಚಿಕಿತ್ಸೆಯ ಏರ್ಪಾಡಿನೊಂದಿಗೆ.

ಇಂಥ ಕೇಂದ್ರಕ್ಕೆ ಫೋನೂ ಜೊತೆಯಾಗಬೇಕು. ಅಮೆರಿಕದಲ್ಲಿ 988 ಎಂಬ ಮಾನಸಿಕ ಸಂಕಷ್ಟದ ಸಹಾಯವಾಣಿ ಶುರುವಾದದ್ದು 2022ರ ಜುಲೈನಲ್ಲಿ. ಅದೇ ವರ್ಷ ಅಕ್ಟೋಬರ್ 10ರಂದು ನಮ್ಮಲ್ಲಿ ಅಂಥದೇ ಸಹಾಯವಾಣಿ ಟೆಲಿ ಮಾನಸ್ ಬಂತು. ಅದರ ಕೇಂದ್ರಸ್ಥಾನ ಬೆಂಗಳೂರಿನ ನಿಮ್ಹಾನ್ಸ್. 14416 ಒತ್ತಿದರೆ ಕನ್ನಡದಲ್ಲೇ ಮಾತಾಡಬಹುದು.

ಬಾಗಿಲ ವಿಷಯದಲ್ಲಿ ನಮ್ಮ ಕಾನೂನೂ ಸುಮ್ಮನಿಲ್ಲ. ಬೀದಿಯಲ್ಲಿ ಅಲೆಯುವ ಮಾನಸಿಕ ಅಸ್ವಸ್ಥರನ್ನು ಪೊಲೀಸರು ಲಾಕಪ್ಪಿಗೆ ಹಾಕಕೂಡದು, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಅದಕ್ಕೆ ಕೊಟ್ಟ ಗಡುವು 24 ಗಂಟೆ. ಅಷ್ಟರೊಳಗೆ ಟೂಸಾನಿನಲ್ಲಿ ಆ ಮನುಷ್ಯ ಉಂಡು, ಮಲಗಿ, ಎದ್ದು ಮನೆಯ ದಾರಿ ಹಿಡಿದಿರಬಹುದು.