ಪುಸ್ತಕಕ್ಕೂ ಅಳತೆ ಉಂಟು, ನೋಡಿ ಕೊಡಿ

ಮೇ ತಿಂಗಳು ಮುಗಿಯುತ್ತಿದ್ದಂತೆ ಸ್ಕೂಲ್ ಶೂ ಕೊಳ್ಳೋಕೆ ಹೊರಡ್ತೀವಲ್ಲ, ಆಗ ಮಗುವನ್ನು ಮನೆಯಲ್ಲಿ ಬಿಟ್ಟು ಹೋಗ್ತೀವಾ? ಇಲ್ಲ, ಕರೆದುಕೊಂಡೇ ಹೋಗ್ತೀವಿ. ಶೂ ಹಾಕಿಸಿ, ತುದಿಯಲ್ಲಿ ಹೆಬ್ಬೆರಳು ಒತ್ತಿ ನೋಡಿ, ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆಸಿ, ‘ಕಚ್ಚುತ್ತಾ ಪುಟ್ಟಾ?’ ಅಂತ ಕೇಳಿ ಆಮೇಲೆ ದುಡ್ಡು ಕೊಡ್ತೀವಿ. ‘ಪಕ್ಕದ ಮನೆ ಹುಡುಗಿಗೆ ನಾಲ್ಕನೇ ನಂಬರ್ ಆಗುತ್ತಂತೆ, ನಮ್ಮವಳಿಗೂ ಅದನ್ನೇ ಕೊಡಿ’ ಅಂತ ಯಾವ ತಾಯಿಯೂ ಕೇಳೋದಿಲ್ಲ.

ಇಂಗ್ಲಿಷ್ ಪುಸ್ತಕದ ವಿಷಯದಲ್ಲಿ ಮಾತ್ರ ನಾವು ಮಾಡೋದು ಹೆಚ್ಚುಕಡಿಮೆ ಇದನ್ನೇ. ಪಕ್ಕದ ಮನೆ ಹುಡುಗಿ ‘ಹ್ಯಾರಿ ಪಾಟರ್’ ಓದ್ತಿದ್ದಾಳೆ ಅಂತ ಗೊತ್ತಾದ ಕೂಡಲೇ ನಮ್ಮ ಮನೆಗೂ ಅದು ಬರುತ್ತೆ. 1997ರಲ್ಲಿ ಬಂದ ಆ ಸರಣಿಯ ಮೊದಲ ಪುಸ್ತಕದಲ್ಲೇ ಸುಮಾರು 77 ಸಾವಿರ ಪದಗಳಿವೆ. ಮಗು ಮೂರು ಪುಟ ಓದಿ ಮುಚ್ಚಿಡುತ್ತೆ. ‘ಇಷ್ಟೊಂದು ಫೀಸು ಕಟ್ಟಿ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೀವಿ, ಒಂದು ಪುಸ್ತಕ ಓದೋಕಾಗಲ್ವಾ?’ ಅಂತ ನಾವು ಗದರ್ತೀವಿ. ಇಂಥದ್ದು ನಾಲ್ಕು ಸಲ ಆದ ಮೇಲೆ ಮಗು ಒಂದು ತೀರ್ಮಾನಕ್ಕೆ ಬರುತ್ತೆ: ‘ನಾನು ದಡ್ಡ.’

ಶೂ ಕಚ್ಚಿದರೆ ಕಾಲಲ್ಲಿ ಗುಳ್ಳೆ ಏಳುತ್ತೆ, ಕಣ್ಣಿಗೆ ಕಾಣುತ್ತೆ. ಅಳತೆ ಮೀರಿದ ಪುಸ್ತಕದಿಂದ ಎದ್ದ ಗುಳ್ಳೆ ಯಾರಿಗೂ ಕಾಣಿಸೋದಿಲ್ಲ. ಮಗು ಓದನ್ನೇ ಬಿಟ್ಟಾಗಷ್ಟೇ ಗೊತ್ತಾಗೋದು.

ಓದೋದು ಬೇರೆ, ಅರ್ಥವಾಗೋದು ಬೇರೆ

‘ನಮ್ಮವನು ಪಟಪಟ ಅಂತ ಓದ್ತಾನೆ ಕಣ್ರೀ, ಆದ್ರೆ ಪ್ರಶ್ನೆ ಕೇಳಿದ್ರೆ ಬಾಯಿ ಬಿಡಲ್ಲ’ ಅನ್ನೋ ದೂರು ಬಹಳ ತಾಯಂದಿರದ್ದು. ಇದಕ್ಕೆ ಕಾರಣ ತಿಳಿಯಬೇಕಾದರೆ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಈ ಎರಡು ವಾಕ್ಯಗಳನ್ನು ಜೋರಾಗಿ ಓದಿ.

‘ಅಜ್ಜಿ ಬೆಳಗ್ಗೆ ಎದ್ದು ಝೂಪನ್ನು ತೊಳೆದು, ಒಲೆಯ ಮೇಲೆ ಇಟ್ಟು, ಅದಕ್ಕೆ ಎರಡು ಲೋಟ ಬಿರಳ ಹಾಕಿ, ಚೆನ್ನಾಗಿ ಗಿಮುಕಿದಳು. ಮಕ್ಕಳೆಲ್ಲ ತಿಂದು ಸಂತೋಷಪಟ್ಟರು.’

ಒಂದಕ್ಷರವೂ ತಡವರಿಸದೆ ಓದಿದಿರಿ ಅಲ್ವಾ? ಒಟ್ಟು ಹದಿನೆಂಟು ಪದಗಳಲ್ಲಿ ಹದಿನೈದು ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ಮೂರೇ ಮೂರು. ಅವು ಸುಮ್ಮನೆ ಕಟ್ಟಿದ ಪದಗಳು, ಯಾವ ನಿಘಂಟಿನಲ್ಲೂ ಸಿಗೋದಿಲ್ಲ. ಈಗ ಹೇಳಿ, ಅಜ್ಜಿ ಮಾಡಿದ ತಿಂಡಿ ಯಾವುದು? ಗೊತ್ತಿಲ್ಲ!

ಇನ್ನೊಂದು ತಮಾಷೆ ನೋಡಿ. ‘ಅಜ್ಜಿ ಏನನ್ನು ತೊಳೆದಳು?’ ಅಂತ ಕೇಳಿದರೆ ‘ಝೂಪನ್ನು ತೊಳೆದಳು’ ಅಂತ ನೀವು ಥಟ್ಟನೆ ಉತ್ತರಿಸಬಲ್ಲಿರಿ. ಪರೀಕ್ಷೆಯಾದರೆ ಪೂರ್ತಿ ಅಂಕ. ಶಾಲೆಯಲ್ಲಿ ಒಳ್ಳೆಯ ಮಾರ್ಕ್ಸ್ ತರುವ ಎಷ್ಟೋ ಮಕ್ಕಳ ಇಂಗ್ಲಿಷ್ ಓದು ಹೀಗೇ ಇರುತ್ತೆ. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ, ಆ ಸಾಲನ್ನು ಬರೆದು ಬರುತ್ತವೆ. ತಾಯಿಗೆ ಸಮಾಧಾನ, ಟೀಚರಿಗೂ ಸಮಾಧಾನ. ಪಾಠ ದೊಡ್ಡದಾಗುತ್ತಾ ಹೋದಂತೆ ಈ ಉಪಾಯ ಕೈಕೊಡುತ್ತೆ.

ಜೊತೆಗೆ ಇಂಗ್ಲಿಷಿನದ್ದೇ ಒಂದು ತೊಡಕಿದೆ. ಕನ್ನಡದಲ್ಲಿ ಕಾಗುಣಿತ ಕಲಿತರೆ ಸಾಕು, ಬರೆದದ್ದನ್ನು ಬರೆದ ಹಾಗೇ ಓದಬಹುದು. ಅಲ್ಲಿ ಸಿ-ಯು-ಟಿ ‘ಕಟ್’ ಆದರೆ ಪಿ-ಯು-ಟಿ ‘ಪುಟ್’. ಮಗುವಿನ ಅರ್ಧ ಶಕ್ತಿ ಪದವನ್ನು ಉಚ್ಚರಿಸುವುದಕ್ಕೇ ಖರ್ಚಾದರೆ, ಅರ್ಥದ ಕಡೆ ಗಮನ ಕೊಡೋಕೆ ಉಳಿಯೋದೆಷ್ಟು?

ನೂರಕ್ಕೆ ಎಷ್ಟು ಗೊತ್ತಿರಬೇಕು?

ಈ ಲೆಕ್ಕವನ್ನು ಬಹಳ ಹಿಂದೆಯೇ ಹಾಕಿದ್ದಾರೆ. ಅಮೆರಿಕದ ಶಿಕ್ಷಣ ತಜ್ಞ ಎಮೆಟ್ ಬೆಟ್ಸ್ 1946ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮಗುವಿನ ಓದನ್ನು ಮೂರು ಮಟ್ಟಗಳಾಗಿ ವಿಂಗಡಿಸಿದರು. ನೂರು ಪದಗಳಲ್ಲಿ 99 ಪದಗಳನ್ನು ಸರಿಯಾಗಿ ಓದಿದರೆ ಆ ಪುಸ್ತಕವನ್ನು ಮಗು ತಾನೇ ಓದಿಕೊಳ್ಳಬಲ್ಲದು. 95ರಷ್ಟು ಬಂದರೆ ದೊಡ್ಡವರ ಸಹಾಯ ಬೇಕು. 90ಕ್ಕಿಂತ ಕಡಿಮೆಯಾದರೆ ಅದು ಮಗುವಿಗೆ ಬೇಸರ, ಸಿಟ್ಟು ತರಿಸುವ ಮಟ್ಟ.

ಬೇರೆ ಭಾಷೆಯಾಗಿ ಇಂಗ್ಲಿಷ್ ಕಲಿಯುವವರ ಬಗ್ಗೆ 2000ದಲ್ಲಿ ಹು ಮತ್ತು ಪಾಲ್ ನೇಷನ್ ಎಂಬ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಕಥೆಯಲ್ಲಿ ನೂರಕ್ಕೆ 80 ಪದಗಳಷ್ಟೇ ಗೊತ್ತಿದ್ದವರಲ್ಲಿ ಒಬ್ಬರಿಗೂ ಕಥೆ ಸರಿಯಾಗಿ ಅರ್ಥವಾಗಿರಲಿಲ್ಲ. ಯಾರ ಸಹಾಯವೂ ಇಲ್ಲದೆ ಖುಷಿಯಿಂದ ಓದಬೇಕಾದರೆ ನೂರಕ್ಕೆ ಸುಮಾರು 98 ಪದ ಗೊತ್ತಿರಬೇಕು ಅನ್ನೋದು ಅವರ ಲೆಕ್ಕ. ಅಂದರೆ ಐವತ್ತು ಪದಕ್ಕೆ ಒಂದೇ ಒಂದು ಹೊಸ ಪದ. ಸಾರಿಗೆ ಹಾಕುವ ಉಪ್ಪಿನ ಹಾಗೆ, ಇರಬೇಕು, ಆದರೆ ಹದವಾಗಿರಬೇಕು.

ಐದು ಬೆರಳಿನ ಲೆಕ್ಕ

ಇಷ್ಟೆಲ್ಲಾ ಪದ ಎಣಿಸುತ್ತಾ ಕೂರೋಕೆ ನಮಗೆಲ್ಲಿ ಪುರುಸೊತ್ತು ಅಂತೀರಾ? ಅದಕ್ಕೂ ಸುಲಭ ದಾರಿಯಿದೆ. ವಿದೇಶದ ಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಐದು ಬೆರಳಿನ ಪರೀಕ್ಷೆ ಇದು. ಪುಸ್ತಕದಂಗಡಿಯಲ್ಲೋ ಲೈಬ್ರರಿಯಲ್ಲೋ ನಿಂತೇ ಮಾಡಬಹುದು.

* ಪುಸ್ತಕದ ನಡುವಿನ ಯಾವುದಾದರೂ ಒಂದು ಪುಟ ತೆಗೆಯಿರಿ. ಮೊದಲ ಪುಟ ಬೇಡ.
* ಮಗು ಓದುತ್ತಾ ಹೋಗಲಿ. ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದೊಂದು ಬೆರಳು ಎತ್ತಲಿ.
* ಬೆರಳು ಏಳಲೇ ಇಲ್ಲ, ಅಥವಾ ಒಂದೇ ಎದ್ದಿತು ಅಂದರೆ ಸುಲಭದ ಪುಸ್ತಕ. ಒಬ್ಬನೇ ಕೂತು ಓದಲಿ.
* ಎರಡು, ಮೂರು ಬೆರಳು ಎದ್ದರೆ ಹದವಾಗಿದೆ. ಆಗಾಗ ನೀವು ಪಕ್ಕದಲ್ಲಿದ್ದರೆ ಸಾಕು.
* ನಾಲ್ಕಾದರೆ ನೀವು ಜೊತೆಯಲ್ಲಿ ಕೂತು ಓದಿಸಬೇಕಾದ ಪುಸ್ತಕ.
* ಐದೂ ಬೆರಳು ಎದ್ದವಾ? ‘ಇದು ಇನ್ನು ಸ್ವಲ್ಪ ದಿನ ಬಿಟ್ಟು ಓದೋಣ’ ಅಂತ ಹೇಳಿ ಪಕ್ಕಕ್ಕಿಡಿ. ‘ನಿನಗೆ ಬರಲ್ಲ ಬಿಡು’ ಅನ್ನಬೇಡಿ.

ಒಂದು ಎಚ್ಚರ. ಪುಟಕ್ಕೆ ನಾಲ್ಕೇ ಸಾಲಿರುವ ಚಿತ್ರಪುಸ್ತಕಕ್ಕೆ ಈ ಲೆಕ್ಕ ಹೊಂದೋದಿಲ್ಲ. ಅಲ್ಲಿ ಸುಮಾರು ನೂರು ಪದ ಆಗುವಷ್ಟು ಪುಟಗಳನ್ನು ಓದಿಸಿ ನೋಡಿ. ಓದಿ ಮುಗಿದ ಮೇಲೆ ‘ಏನಾಯ್ತು ಹೇಳು’ ಅಂತ ಕೇಳಿ. ಉತ್ತರ ಕನ್ನಡದಲ್ಲೇ ಬರಲಿ. ತನ್ನ ಮಾತಿನಲ್ಲಿ ಕಥೆ ಹೇಳಿದರೆ ಅರ್ಥವಾಗಿದೆ ಅಂತ ಲೆಕ್ಕ. ಪುಸ್ತಕದ ಸಾಲನ್ನೇ ಒಪ್ಪಿಸಿದರೆ ನಮ್ಮ ‘ಝೂಪು’ ನೆನಪು ಮಾಡಿಕೊಳ್ಳಿ!

ಬೆನ್ನುಪುಟದ ಅಂಕಿ ನೋಡಿ

ಮಕ್ಕಳ ಎಷ್ಟೋ ಇಂಗ್ಲಿಷ್ ಪುಸ್ತಕಗಳ ಮೇಲೆ ‘7-9 ವರ್ಷ’ ಅಂತ ಮುದ್ರಿಸಿರುತ್ತಾರೆ. ಇಂಗ್ಲೆಂಡ್, ಅಮೆರಿಕದಿಂದ ಬಂದ ಪುಸ್ತಕವಾದರೆ ಆ ವಯಸ್ಸು ಮನೆಯಲ್ಲಿ ಇಂಗ್ಲಿಷನ್ನೇ ಮಾತಾಡುವ ಮಕ್ಕಳದ್ದು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಉರ್ದುವನ್ನೋ ಆಡುವ ಮಗು ಎರಡು ವರ್ಷ ಹಿಂದಿನ ಪುಸ್ತಕ ಓದಿದರೆ ಅದೇನೂ ಅವಮಾನವಲ್ಲ.

ವಯಸ್ಸಿಗಿಂತ ಹಂತ ನಮೂದಿಸಿರುವ ಪುಸ್ತಕಗಳು ನಮಗೆ ಹೆಚ್ಚು ಉಪಯುಕ್ತ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನ ಕಥೆಪುಸ್ತಕಗಳಲ್ಲಿ ನಾಲ್ಕು ಹಂತಗಳಿವೆ. ಒಂದನೆಯದು ಈಗಷ್ಟೇ ಓದಲು ತೊಡಗಿದವರಿಗೆ, ನಾಲ್ಕನೆಯದು ಸರಾಗವಾಗಿ ಓದುವವರಿಗೆ. 2015ರಲ್ಲಿ ಅವರು ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಇಂಗ್ಲಿಷ್, ಕನ್ನಡ ಎರಡರಲ್ಲೂ ಕಥೆಗಳನ್ನು ಉಚಿತವಾಗಿ ಮೊಬೈಲಿನಲ್ಲೇ ಓದಬಹುದು. ದೊಡ್ಡ ಮಕ್ಕಳಿಗೂ ನಮಗೂ ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಸರಣಿಯಂಥವು ಇವೆ. ಅದರಲ್ಲಿ ಸ್ಟಾರ್ಟರ್ ಹಂತಕ್ಕೆ 250 ಮೂಲ ಪದಗಳು, ಒಂದನೇ ಹಂತಕ್ಕೆ 400, ಎರಡಕ್ಕೆ 700, ಮೂರಕ್ಕೆ 1,000, ಹೀಗೆ ಆರನೇ ಹಂತಕ್ಕೆ 2,500.

ಪದಗಳಿಗೆ ಹೀಗೆ ಮಿತಿ ಹಾಕುವ ಕೆಲಸಕ್ಕೂ ನಮ್ಮ ಉಪಖಂಡಕ್ಕೂ ನಂಟಿದೆ. ಬ್ರಿಟಿಷರ ಕಾಲದಲ್ಲಿ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೇಲ್ ವೆಸ್ಟ್, ಬಂಗಾಳದ ಮಕ್ಕಳಿಗೆ ಇಂಗ್ಲಿಷ್ ಓದು ಹೊರೆಯಾಗಿರುವುದನ್ನು ಕಂಡರು. 1920ರ ದಶಕದಲ್ಲಿ, ಹೊಸ ಪದಗಳು ಕಡಿಮೆಯಿದ್ದು ಕಲಿತ ಪದಗಳೇ ಮತ್ತೆ ಮತ್ತೆ ಬರುವಂತೆ ರೀಡರ್‌ಗಳನ್ನು ಸಿದ್ಧಪಡಿಸಿದರು. 1953ರಲ್ಲಿ ಅವರು ಹೊರತಂದ ಸುಮಾರು 2,000 ಪದಗಳ ಪಟ್ಟಿ ಪ್ರಪಂಚದಾದ್ಯಂತ ಬಳಕೆಯಾಯಿತು.

ಸುಲಭದ ಪುಸ್ತಕ ಅಂದರೆ ಸಪ್ಪೆ ಪುಸ್ತಕ ಅಂತಲೂ ಅಲ್ಲ. ಅಮೆರಿಕದ ಡಾಕ್ಟರ್ ಸ್ಯೂಸ್ 1957ರಲ್ಲಿ ಬರೆದ ‘ದ ಕ್ಯಾಟ್ ಇನ್ ದ ಹ್ಯಾಟ್’ನಲ್ಲಿ ಬರುವುದು 236 ಬೇರೆ ಬೇರೆ ಪದಗಳಷ್ಟೇ. ‘ಐವತ್ತೇ ಪದಗಳಲ್ಲಿ ಪುಸ್ತಕ ಬರೆಯಲು ಸಾಧ್ಯವಾ?’ ಅಂತ ಪ್ರಕಾಶಕರು ಪಂಥ ಕಟ್ಟಿದ್ದಕ್ಕೆ 1960ರಲ್ಲಿ ‘ಗ್ರೀನ್ ಎಗ್ಸ್ ಅಂಡ್ ಹ್ಯಾಮ್’ ಬರೆದು ಗೆದ್ದರು. ಈಗಲೂ ಮಕ್ಕಳು ಅದನ್ನು ನಕ್ಕು ನಕ್ಕು ಓದುತ್ತಾರೆ.

ಅಳತೆಯೇ ಎಲ್ಲವೂ ಅಲ್ಲ

ಹಾಗಂತ ಅಂಕಿಯನ್ನೇ ಹಿಡಿದು ಕೂರಬೇಡಿ. 1988ರಲ್ಲಿ ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬಿಬ್ಬರು 64 ಶಾಲಾಮಕ್ಕಳಿಗೆ ಬೇಸ್‌ಬಾಲ್ ಆಟದ ವಿವರಣೆಯೊಂದನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು! ನಿಮ್ಮ ಮಗನಿಗೆ ಕ್ರಿಕೆಟ್ ಹುಚ್ಚಾ? ಇಂಗ್ಲಿಷ್ ಪೇಪರಿನ ಆಟದ ಪುಟವನ್ನೇ ಕೈಗೆ ಕೊಡಿ. ಹಾವು, ನಕ್ಷತ್ರ, ಬಸ್ಸು, ಅಡುಗೆ, ಯಾವುದರಲ್ಲಿ ಆಸಕ್ತಿಯೋ ಅದರಲ್ಲಿ ಒಂದು ಹಂತ ಮೇಲಿನ ಪುಸ್ತಕವೂ ದಕ್ಕುತ್ತೆ.

ಬೆಟ್ಸ್ ಹೇಳಿದ ಲೆಕ್ಕ ಹಿಡಿದು ಮಕ್ಕಳನ್ನು ಸದಾ ಕೆಳಗಿನ ಹಂತದಲ್ಲೇ ಕೂರಿಸಬಾರದು ಅಂತ ವಾದಿಸುವ ಟಿಮೊಥಿ ಶಾನಹಾನ್‌ರಂಥ ತಜ್ಞರೂ ಇದ್ದಾರೆ. ಸಹಾಯ ಸಿಕ್ಕರೆ ಕಷ್ಟದ ಓದಿನಿಂದಲೂ ಮಗು ಕಲಿಯುತ್ತೆ ಅನ್ನೋದು ಅವರ ಮಾತು. ಹಾಗಾಗಿ ಮನೆಯಲ್ಲಿ ಹೀಗೆ ಹಂಚಿಕೊಳ್ಳಬಹುದು: ಮಗು ಒಬ್ಬನೇ ಓದುವಾಗ ಸುಲಭದ್ದು, ನೀವು ಜೊತೆಗಿದ್ದಾಗ ಸ್ವಲ್ಪ ಕಷ್ಟದ್ದು. ಶಾಲೆಯ ಪಠ್ಯಪುಸ್ತಕವನ್ನಂತೂ ನಾವು ಬದಲಿಸೋಕಾಗಲ್ಲ. ಅದನ್ನು ಜೊತೆಯಲ್ಲಿ ಕೂತು ಓದಿ, ಕಥೆಪುಸ್ತಕವನ್ನು ಮಗುವಿನ ಇಷ್ಟಕ್ಕೆ ಬಿಡಿ.

‘ನನಗೇ ಇಂಗ್ಲಿಷ್ ಅಷ್ಟಾಗಿ ಬರಲ್ವಲ್ಲ!’

ಇದು ಬಹಳ ಗೃಹಿಣಿಯರು ಹೊರಗೆ ಹೇಳಿಕೊಳ್ಳದ ಸಂಕಟ. ಕನ್ನಡ ಮಾಧ್ಯಮದಲ್ಲಿ ಓದಿದ ತಾಯಿ ಮಗುವಿನ ಇಂಗ್ಲಿಷ್ ಪುಸ್ತಕದ ಮುಂದೆ ಕೂರಲು ಹಿಂಜರಿಯುತ್ತಾಳೆ. ಹಿಂಜರಿಕೆ ಬೇಡ. ಕಥೆ ಕೇಳಿಸಿಕೊಳ್ಳೋಕೆ, ‘ಆಮೇಲೆ?’ ಅನ್ನೋಕೆ, ಬೆರಳು ಎಣಿಸೋಕೆ ಇಂಗ್ಲಿಷ್ ಬೇಕಿಲ್ಲ. ಗೊತ್ತಿಲ್ಲದ ಪದವನ್ನು ಇಬ್ಬರೂ ಸೇರಿ ಡಿಕ್ಷನರಿಯಲ್ಲಿ ಹುಡುಕಿ. ಅಮ್ಮನಿಗೂ ಗೊತ್ತಿಲ್ಲದ ಪದಗಳಿರುತ್ತವೆ ಅಂತ ತಿಳಿದಾಗ ಮಗುವಿನ ಭಯ ಅರ್ಧ ಇಳಿಯುತ್ತೆ. ಒಂದು ಪುಟದಲ್ಲಿ ಕನ್ನಡ, ಎದುರಿಗೆ ಇಂಗ್ಲಿಷ್ ಇರುವ ದ್ವಿಭಾಷಾ ಪುಸ್ತಕಗಳೂ ಸಿಗುತ್ತವೆ. ಕನ್ನಡದ ಸಾಲು ನೀವು ಓದಿ, ಇಂಗ್ಲಿಷ್ ಸಾಲು ಮಗು ಓದಲಿ.

ನಿಮಗೂ ಇಂಗ್ಲಿಷ್ ಓದುವ ಆಸೆಯಿದ್ದರೆ ಇದೇ ಬೆರಳಿನ ಲೆಕ್ಕ ನಿಮಗೂ ಅನ್ವಯಿಸುತ್ತೆ. ದಪ್ಪ ಕಾದಂಬರಿ ಹಿಡಿದು ಎರಡು ಪುಟಕ್ಕೆ ಕೈಚೆಲ್ಲುವ ಬದಲು 400 ಪದಗಳ ಹಂತದ ತೆಳ್ಳಗಿನ ಪುಸ್ತಕ ಹಿಡಿಯಿರಿ. ಒಂದು ವಾರದಲ್ಲಿ ಒಂದಿಡೀ ಇಂಗ್ಲಿಷ್ ಪುಸ್ತಕ ಓದಿ ಮುಗಿಸಿದ ಖುಷಿ ಸಿಗುತ್ತೆ. ಆ ಖುಷಿಯೇ ಮುಂದಿನ ಪುಸ್ತಕಕ್ಕೆ ಕರೆದೊಯ್ಯೋದು.

ಇವಿಷ್ಟು ನೆನಪಿರಲಿ

* ಓದಿದ ಪುಸ್ತಕವನ್ನೇ ಮತ್ತೆ ಓದಿದರೆ ತಡೆಯಬೇಡಿ. ಪದಗಳು ಗಟ್ಟಿಯಾಗೋದು ಹಾಗೇ.
* ಪ್ರತಿ ತಪ್ಪಿಗೂ ನಿಲ್ಲಿಸಿ ತಿದ್ದಬೇಡಿ. ಸಾಲು ಮುಗಿಯಲಿ, ಆಮೇಲೆ ಹೇಳಿ.
* ‘ಅವಳು ಮೂರನೇ ಲೆವೆಲ್, ನೀನಿನ್ನೂ ಒಂದನೇ ಲೆವೆಲ್ಲಾ?’ ಅಂತ ಅಕ್ಕ-ತಂಗಿಯರಲ್ಲಿ ಹೋಲಿಕೆ ಬೇಡ. ಹಂತ ಇರೋದು ಪುಸ್ತಕಕ್ಕೆ, ಮಗುವಿಗಲ್ಲ.
* ಮೂರು ತಿಂಗಳಿಗೊಮ್ಮೆ ಬೆರಳಿನ ಪರೀಕ್ಷೆ ಮತ್ತೆ ಮಾಡಿ. ಪಕ್ಕಕ್ಕಿಟ್ಟ ಪುಸ್ತಕವನ್ನು ಮತ್ತೆ ತೆಗೆದುಕೊಡಿ.
* ತೀರಾ ಸುಲಭದ ಪುಸ್ತಕದಲ್ಲೂ, ಕನ್ನಡದಲ್ಲೂ ಮಗು ಅಕ್ಷರಗಳಿಗೆ ತಡಕಾಡುತ್ತಿದ್ದರೆ ಬೈಯಬೇಡಿ. ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ. ಆಮೇಲೂ ಸರಿಹೋಗದಿದ್ದರೆ ಕಲಿಕೆಯ ತೊಂದರೆ ಇದೆಯೇ ಅಂತ ತಜ್ಞರಲ್ಲಿ ತೋರಿಸಿ.

ಇವತ್ತು ರಾತ್ರಿ ಊಟವಾದ ಮೇಲೆ ಟಿವಿ ಹದಿನೈದು ನಿಮಿಷ ಆರಿಸಿ, ಮನೆಯಲ್ಲಿರುವ ಇಂಗ್ಲಿಷ್ ಪುಸ್ತಕಗಳನ್ನೆಲ್ಲ ಮಗುವಿನ ಮುಂದಿಡಿ. ಬೆರಳು ಎಣಿಸುತ್ತಾ ಮೂರು ಗುಂಪು ಮಾಡಿ: ‘ನಾನೇ ಓದ್ತೀನಿ’, ‘ಅಮ್ಮನ ಜೊತೆ ಓದ್ತೀನಿ’, ‘ಆಮೇಲೆ ಓದ್ತೀನಿ’. ಮೂರರಲ್ಲೂ ‘ಓದ್ತೀನಿ’ ಅನ್ನೋ ಮಾತಿದೆ, ಗಮನಿಸಿದಿರಾ? ಮಗುವಿನ ಬಾಯಲ್ಲಿ ಅದು ಉಳಿದರೆ ಸಾಕು.